ಮಾರಾಟದ ನಂತರದ ದುರಸ್ತಿ: ವಿಡಿಯೋ ಗೇಮ್ ಉದ್ಯಮದ ಅನುಭವ

ವಿಡಿಯೋ ಗೇಮ್‌ಗಳು ಕಾರ್ಟ್ರಿಜ್‌ಗಳಲ್ಲಿ ಮಾರಾಟವಾಗುತ್ತಿದ್ದ ಕಾಲದಲ್ಲಿ, ಗ್ರಾಹಕನ ಕೈ ಸೇರಿದ ಸರಕಿನ ದೋಷವನ್ನು ತಿದ್ದುವ ಮಾರ್ಗವಿರಲಿಲ್ಲ. ಆದ್ದರಿಂದ ಪರೀಕ್ಷೆಯೆಲ್ಲವೂ ಬಿಡುಗಡೆಗೆ ಮೊದಲೇ ಮುಗಿಯಬೇಕಿತ್ತು. ಅಂತರ್ಜಾಲ ಬಂದ ಮೇಲೆ, ಮಾರಿದ ಆಟವನ್ನೂ ತಯಾರಕರು 'ಅಪ್‌ಡೇಟ್' ಮೂಲಕ ಸರಿಪಡಿಸಬಲ್ಲರು. ಹೊಸ ಭಾಗಗಳನ್ನೂ ಸೇರಿಸಬಲ್ಲರು.

ಈ ಅನುಕೂಲಕ್ಕೆ ಬೆಲೆಯೂ ಉಂಟು. ಹಲವು ಗಿಗಾಬೈಟ್‌ಗಳ ಅಪ್‌ಡೇಟ್ ಇಳಿಸಿಕೊಳ್ಳುವ ಸಮಯ ಮತ್ತು ವೆಚ್ಚ ಗ್ರಾಹಕನ ಪಾಲಿಗೆ ಬೀಳುತ್ತದೆ. ಅಪೂರ್ಣ ಸರಕನ್ನೇ ಮಾರುಕಟ್ಟೆಗೆ ಬಿಡುವ ಪ್ರಲೋಭನೆ ತಯಾರಕರಲ್ಲಿ ಬೆಳೆಯುತ್ತದೆ.

ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ 'ಸೈಬರ್‌ಪಂಕ್ 2077' ಇದಕ್ಕೆ ನಿದರ್ಶನ. ಹಲವು ಬಾರಿ ಮುಂದೂಡಲ್ಪಟ್ಟು 2020ರ ಡಿಸೆಂಬರ್ 10ರಂದು ಬಿಡುಗಡೆಯಾದ ಈ ಆಟವು ಪ್ಲೇಸ್ಟೇಷನ್ 4ರಂತಹ ಹಳೆಯ ಯಂತ್ರಗಳಲ್ಲಿ ಸರಿಯಾಗಿ ನಡೆಯಲಿಲ್ಲ. ಸುಮಾರು ಒಂದು ವಾರದಲ್ಲೇ ಸೋನಿ ಸಂಸ್ಥೆಯು ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದ ತೆಗೆದು, ಕೊಂಡವರಿಗೆ ಹಣ ಮರಳಿಸಲು ಮುಂದಾಯಿತು. 2021ರ ಜೂನ್‌ನಲ್ಲಷ್ಟೇ ಅದು ಮತ್ತೆ ಮಾರಾಟಕ್ಕೆ ಬಂತು. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ವ್ಯಾಪಕ ಮೆಚ್ಚುಗೆ ಗಳಿಸಿತಾದರೂ, ಆ ಹಳೆಯ ಯಂತ್ರಗಳಿಗೆ ಅದು ದೊರೆಯಲಿಲ್ಲ.

ದುರಸ್ತಿಯ ಸೌಲಭ್ಯವು ಪರೀಕ್ಷೆಗೆ ಪರ್ಯಾಯವಲ್ಲ. ಸರಕು ಮುಂದೆ ಸುಧಾರಿಸಬಹುದು. ಅದನ್ನು ನಂಬಿ ಮೊದಲು ಕೊಂಡವನಿಗೇ ಆ ಸುಧಾರಣೆ ತಲಪದೆ ಹೋಗಬಹುದು.