ತ್ವಚೆಗೆ ಎಸೆನ್ಷಿಯಲ್ ಆಯಿಲ್: ನೇರವಾಗಿ ಹಚ್ಚುವ ಮುನ್ನ ಈ ವಿಷಯಗಳು ತಿಳಿದಿರಲಿ

ಪುಣೆ: ಮೊಡವೆಗೆ ಟೀ ಟ್ರೀ, ಕಲೆಗೆ ನಿಂಬೆ, ಕಾಂತಿಗೆ ಶ್ರೀಗಂಧ... ಹೀಗೆ ಒಂದೊಂದು ಸಮಸ್ಯೆಗೆ ಒಂದೊಂದು ಎಸೆನ್ಷಿಯಲ್ ಆಯಿಲ್ ಹೇಳುವ ವಿಡಿಯೊಗಳಿಗೆ ಈಗ ಬರವಿಲ್ಲ. ನೈಸರ್ಗಿಕ ಎಂಬ ಒಂದೇ ಕಾರಣಕ್ಕೆ ಇವುಗಳನ್ನು ಕೊಬ್ಬರಿ ಎಣ್ಣೆಯಂತೆ ನೇರವಾಗಿ ಮುಖಕ್ಕೆ ಹಚ್ಚಿ, ಉರಿ, ತುರಿಕೆ ತಂದುಕೊಳ್ಳುವವರೂ ಇದ್ದಾರೆ. ಪುಣೆಯಂತಹ ದ್ವಿಚಕ್ರ ವಾಹನಗಳ ನಗರದಲ್ಲಿ ಬಿಸಿಲಿಗೆ ಮುಖವೊಡ್ಡಿ ಓಡಾಡುವವರು ಇನ್ನಷ್ಟು ಎಚ್ಚರ ವಹಿಸಬೇಕು.

ಅಡುಗೆ ಎಣ್ಣೆಯಂತಲ್ಲ

ಎಸೆನ್ಷಿಯಲ್ ಆಯಿಲ್ ಅಥವಾ ಸಾರಭೂತ ತೈಲ ಎಂದರೆ ಹೂವು, ಎಲೆ, ಮರ, ಸಿಪ್ಪೆಯಲ್ಲಿರುವ ಪರಿಮಳದ ಅಂಶವನ್ನು ಬಟ್ಟಿ ಇಳಿಸಿ ಅಥವಾ ಹಿಂಡಿ ತೆಗೆದ ಗಾಢ ಸಾರ. ಕೇವಲ 1 ಕೆಜಿ ಗುಲಾಬಿ ತೈಲಕ್ಕೆ ಸಾವಿರಾರು ಕೆಜಿ ಹೂವು ಬೇಕು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಮೈಸೂರಿನ ಶ್ರೀಗಂಧದ ಎಣ್ಣೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆ ಕಾರ್ಖಾನೆ ಶುರುವಾಯಿತು. ಅದೇ ಎಣ್ಣೆ ಮುಂದೆ ಮೈಸೂರು ಸ್ಯಾಂಡಲ್ ಸೋಪಿನ ಗುರುತಾಯಿತು. ಆದರೆ ಸೋಪಿನಲ್ಲಿ ಎಣ್ಣೆಯ ಪ್ರಮಾಣ ಅಲ್ಪ, ಹಚ್ಚಿದ ತಕ್ಷಣ ತೊಳೆದೂ ಹೋಗುತ್ತದೆ. ಬಾಟಲಿಯಿಂದ ನೇರವಾಗಿ ಹಚ್ಚಿದ ತೈಲ ಹಾಗಲ್ಲ, ಅದು ಗಂಟೆಗಟ್ಟಲೆ ಚರ್ಮದ ಮೇಲೇ ಇರುತ್ತದೆ.

ಮೊಡವೆಗೆ ಉಪಯೋಗವಿದೆಯೇ?

ಟೀ ಟ್ರೀ ತೈಲದ ಬಗ್ಗೆ ಸ್ವಲ್ಪ ಪುರಾವೆ ಇದೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊಡವೆಯಿದ್ದ 124 ಮಂದಿಯ ಮೇಲೆ ಶೇ 5ರ ಟೀ ಟ್ರೀ ಜೆಲ್ ಮತ್ತು ಶೇ 5ರ ಬೆನ್ಝಾಯ್ಲ್ ಪೆರಾಕ್ಸೈಡ್ ಅನ್ನು ಹೋಲಿಸಲಾಗಿತ್ತು. ಎರಡರಿಂದಲೂ ಮೊಡವೆ ತಗ್ಗಿತು. ಟೀ ಟ್ರೀ ನಿಧಾನವಾಗಿ ಕೆಲಸ ಮಾಡಿದರೂ ಅಡ್ಡಪರಿಣಾಮ ಕಡಿಮೆ ಇತ್ತು. ಇಲ್ಲಿ ಬಳಸಿದ್ದು ಶೇ 5ರ ಜೆಲ್, ಅಪ್ಪಟ ತೈಲವಲ್ಲ ಎಂಬುದನ್ನು ಗಮನಿಸಿ.

ಬಿಸಿಲು ಮತ್ತು ನಿಂಬೆ

ಸಿಪ್ಪೆ ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ತೈಲಗಳಲ್ಲಿ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿರುತ್ತವೆ. ಇವು ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಚರ್ಮವನ್ನು ಸುಡುತ್ತವೆ, ಗುಳ್ಳೆ ಏಳಬಹುದು. ಆಮೇಲೆ ಉಳಿಯುವ ಕಪ್ಪು ಕಲೆ ಮಾಸಲು ತಿಂಗಳುಗಳೇ ಬೇಕಾಗಬಹುದು. ಕಲೆ ಹೋಗಲೆಂದು ಹಚ್ಚಿದ್ದೇ ಕಲೆ ತಂದಂತಾಗುತ್ತದೆ! ಇಂತಹ ತೈಲ ಹಚ್ಚಿದ ಜಾಗಕ್ಕೆ ಕನಿಷ್ಠ 12 ಗಂಟೆ ಬಿಸಿಲು ತಾಗಬಾರದು.

ಹಳೆ ಬಾಟಲಿ ಬೇಡ

ಲ್ಯಾವೆಂಡರ್, ಕಿತ್ತಳೆ ಮುಂತಾದ ತೈಲಗಳಲ್ಲಿನ ಲಿನಲೂಲ್, ಲಿಮೊನೀನ್ ಅಂಶಗಳು ಗಾಳಿಯ ಸಂಪರ್ಕದಿಂದ ಕೆಡುತ್ತವೆ, ಆಗ ಅಲರ್ಜಿಯ ಸಾಧ್ಯತೆ ಹೆಚ್ಚುತ್ತದೆ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಅದೇ ಪರಿಮಳವಿರುವ ಕ್ರೀಮು, ಶಾಂಪೂ ಕೂಡ ಒಗ್ಗದಿರಬಹುದು. ಹಾಗಾಗಿ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ತಂಪಾದ ಕತ್ತಲ ಜಾಗದಲ್ಲಿಡಿ.

ಬಳಸುವ ಸರಿಯಾದ ಕ್ರಮ

* ಮುಖಕ್ಕಾದರೆ ಶೇ 1 ಮೀರದಿರಲಿ. ಅಂದರೆ 30 ಮಿಲಿ ಬಾದಾಮಿ ಅಥವಾ ಕೊಬ್ಬರಿ ಎಣ್ಣೆಗೆ ಸುಮಾರು 6 ಹನಿ.
* ಬೆರೆಸಿದ ಎಣ್ಣೆಯನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾಯಿರಿ.
* ಕಣ್ಣು, ತುಟಿ, ಗಾಯದ ಹತ್ತಿರ ಬೇಡ.
* ಉರಿಯಾದರೆ ಸೌಮ್ಯ ಸೋಪಿನಿಂದ ತೊಳೆದು ಬಳಕೆ ನಿಲ್ಲಿಸಿ.

ಗರ್ಭಿಣಿಯರು, ಇಸುಬು ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಹಸುಗೂಸುಗಳಿಗೆ ನೀಲಗಿರಿ, ಕರ್ಪೂರದ ತೈಲ ಹಚ್ಚಲೇಬೇಡಿ. ಬಾಟಲಿಗಳು ಮಕ್ಕಳ ಕೈಗೆ ಸಿಗದಂತಿರಲಿ, ಸ್ವಲ್ಪ ನುಂಗಿದರೂ ಜೀವಕ್ಕೆ ಅಪಾಯವಾಗಬಹುದು. ಮೊಡವೆ, ಕಲೆ ವಾರಗಟ್ಟಲೆ ಕಡಿಮೆಯಾಗದಿದ್ದರೆ ಇನ್ನೊಂದು ತೈಲ ಹುಡುಕುವ ಬದಲು ಚರ್ಮರೋಗ ತಜ್ಞರನ್ನು ಕಾಣುವುದೇ ಒಳಿತು.