ಮಂಗನ ಕಾಯಿಲೆ: ಪತ್ತೆ ಮತ್ತು ತಡೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯ ವೈರಾಣು ಹರಡುವುದು ಉಣುಗುಗಳ, ಅದರಲ್ಲೂ ಅವುಗಳ ಮರಿಗಳ ಕಡಿತದಿಂದ; ಅದು ರೋಗಿಯಿಂದ ಮತ್ತೊಬ್ಬರಿಗೆ ಹರಡುವುದಿಲ್ಲವಾದ್ದರಿಂದ ಊರಿಗೆ ದಿಗ್ಬಂಧನ ಹಾಕುವುದಕ್ಕಿಂತ ಕಾಡಿನ ಮೇಲೆ ಕಣ್ಣಿಡುವುದೇ ಮುಖ್ಯವಾಗುತ್ತದೆ. ಮುಸಿಯ ಮತ್ತು ಕೋತಿಗಳು ಈ ಸೋಂಕಿಗೆ ಬೇಗ ಬಲಿಯಾಗುವುದರಿಂದ, ಮಂಗ ಸತ್ತ ಸುದ್ದಿಯನ್ನೇ ಮುನ್ಸೂಚನೆಯೆಂದು ಪರಿಗಣಿಸಿ, ಕಳೇಬರದ ಅಂಗಾಂಶವನ್ನು ಪರೀಕ್ಷೆಗೆ ಕಳುಹಿಸಿ, ದೇಹವನ್ನು ಸುಟ್ಟು, ಸುತ್ತಲಿನ ಸುಮಾರು 50 ಮೀಟರ್ ವ್ಯಾಪ್ತಿಯಲ್ಲಿ ಮೆಲಾಥಿಯಾನ್ ಪುಡಿ ಎರಚಲಾಗುತ್ತದೆ, ಏಕೆಂದರೆ ಸತ್ತ ಪ್ರಾಣಿಯ ಮೈ ಬಿಟ್ಟ ಉಣುಗುಗಳು ಅಲ್ಲಿಯೇ ಉದುರಿರುತ್ತವೆ.

ಮನುಷ್ಯರಲ್ಲಿ ಯಾವ ಪರೀಕ್ಷೆ ಎಂಬುದು ಜ್ವರ ಎಷ್ಟನೆಯ ದಿನದ್ದು ಎಂಬುದನ್ನು ಅವಲಂಬಿಸಿದೆ: ಮೊದಲ ದಿನಗಳಲ್ಲಿ ರಕ್ತದಲ್ಲಿರುವ ವೈರಾಣುವಿನ ಆನುವಂಶಿಕ ಅಂಶವನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಸೂಕ್ತವಾದರೆ, ಸುಮಾರು 5ನೆಯ ದಿನದ ನಂತರ ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನುಗಳನ್ನು, ತೋರಿಸುವ ಎಲಿಸಾ ಹೆಚ್ಚು ನೆರವಾಗುತ್ತದೆ.

ಕೊಟ್ಟಿಗೆಗೆ ದರಗು, ಅಂದರೆ ಒಣಗಿ ಉದುರಿದ ಎಲೆ, ತರಲೇಬೇಕಾದ ಮಲೆನಾಡಿನ ಕೃಷಿಕರಿಗೆ ಕಾಡಿಗೆ ಹೋಗಬೇಡಿ ಎಂಬ ಸಲಹೆಯಿಂದ ಹೆಚ್ಚು ಪ್ರಯೋಜನವಿಲ್ಲ. ನಿರ್ದಿಷ್ಟ ಔಷಧವಿಲ್ಲದ, ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿಯ ಜೀವ ತೆಗೆಯುವ ಈ ರೋಗಕ್ಕೆ ದಶಕಗಳ ಕಾಲ ಬಳಸಿದ ಲಸಿಕೆಯ ಪರಿಣಾಮ ಕುಂದಿದ್ದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಗಿದ್ದು, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲವನ್ನು ಆರೋಗ್ಯ ಇಲಾಖೆ ಮನೆಮನೆಗೆ ಹಂಚುತ್ತದೆ.