ಮಾತು ತಡವಾದರೆ ಕಿವಿ ನೋಡಿ

ಮಗುವಿಗೆ ಮಾತು ತಡವಾಯಿತು. ನಾವು ಏನು ಮಾಡುತ್ತೇವೆ? ಬಜೆ ತೇದು ನಾಲಿಗೆಗೆ ಹಚ್ಚುತ್ತೇವೆ. "ನಾಲಿಗೆ ದಪ್ಪ" ಅನ್ನುತ್ತೇವೆ. "ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಮಗುವಿಗೆ ಗೊಂದಲ" ಅಂತಲೂ ಹೇಳುತ್ತೇವೆ. ಎರಡು ಭಾಷೆಯಿಂದ ಮಾತು ನಿಲ್ಲುವುದಿಲ್ಲ. ನಮ್ಮ ನಂದಿಕೂರಿನ ಮಕ್ಕಳು ಎರಡನ್ನೂ ಆಡುತ್ತಾ ಬೆಳೆಯುವವರೇ. ಮಗು ಕೇಳಿದ್ದನ್ನು ಆಡುತ್ತದೆ. ಅದಕ್ಕೇ ಮೊದಲು ಕಿವಿ ನೋಡಬೇಕು.

ಕಿವಿಯ ಒಳಗೆ ತೆಳ್ಳಗಿನ ಪರದೆ ಇದೆ. ಅದೇ ಕಿವಿಯ ತಮಟೆ. ಅದರ ಹಿಂದೆ ಪುಟ್ಟ ಕೋಣೆ. ಅದು ನಡುಕಿವಿ. ಅಲ್ಲಿ ಗಾಳಿ ಇರಬೇಕು. ಮೂಗಿನ ಹಿಂದಿನಿಂದ ಸಣ್ಣ ಕೊಳವೆಯೊಂದು ಅಲ್ಲಿಗೆ ಗಾಳಿ ಒಯ್ಯುತ್ತದೆ. ಮಕ್ಕಳಲ್ಲಿ ಈ ಕೊಳವೆ ಗಿಡ್ಡ. ಶೀತವಾದರೆ ಬೇಗ ಕಟ್ಟಿಕೊಳ್ಳುತ್ತದೆ. ಆಗ ಕೋಣೆಯಲ್ಲಿ ನೀರು ತುಂಬುತ್ತದೆ. ಕೀವಾದರೆ ನೋವು ಬರುತ್ತದೆ, ಕಿವಿ ಸೋರುತ್ತದೆ. ಬರೀ ನೀರು ನಿಂತರೆ ನೋವೇ ಇರಲಿಕ್ಕಿಲ್ಲ. ನಮಗೆ ಗೊತ್ತೇ ಆಗುವುದಿಲ್ಲ.

ಕೆರೆಯಲ್ಲಿ ಮುಳುಗಿದಾಗ ದಡದವರ ಮಾತು ಹೇಗೆ ಕೇಳುತ್ತದೆ? ಈ ಮಗುವಿಗೂ ಹಾಗೇ, ಮಸುಕು ಮಸುಕು. ತಟ್ಟೆ ಬಿದ್ದರೆ ತಿರುಗಿ ನೋಡುತ್ತದೆ. ಅದನ್ನು ನೋಡಿ ಕಿವಿ ಸರಿ ಇದೆ ಎಂದುಕೊಳ್ಳಬೇಡಿ. ಮಗುವಿಗೆ ಕಾಣದ ಹಾಗೆ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ಸ, ಶ ಇಂಥ ಸಣ್ಣ ಸದ್ದುಗಳು ಅದಕ್ಕೆ ತಪ್ಪಿಹೋಗುತ್ತವೆ. ಸಕ್ಕರೆ "ತಕ್ಕರೆ" ಆಗುತ್ತದೆ. ಮೂರು ವರ್ಷದ ಮಗು ಹಾಗಂದರೆ ಚಿಂತೆ ಬೇಡ. ಶಾಲೆಗೆ ಸೇರಿದ ಮೇಲೂ ಹಾಗೇ ಇದ್ದರೆ ತೋರಿಸಿ. ತರಗತಿಯಲ್ಲಿ ಇಂಥ ಮಗುವಿಗೆ "ದಡ್ಡ" ಎಂಬ ಹೆಸರು ಬೀಳುತ್ತದೆ. ಪಾಪ, ಅದಕ್ಕೆ ಕೇಳಿಸಿದ್ದೇ ಅರ್ಧ.

ನೀರು ನಿಂತ ಎಲ್ಲ ಮಕ್ಕಳಿಗೂ ಮಾತು ತೊಡರುವುದಿಲ್ಲ. ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ. ಮತ್ತೆ ಮತ್ತೆ ತುಂಬಿದರೆ, ತಿಂಗಳುಗಟ್ಟಲೆ ನಿಂತರೆ ಕಷ್ಟ. ಮಾತು ಕಲಿಯುವ ಪ್ರಾಯ ಅದೇ ಅಲ್ಲವೇ? ಅಂಥ ಮಗುವಿಗೆ ವೈದ್ಯರು ಕೆಲವೊಮ್ಮೆ ತಮಟೆಯಲ್ಲಿ ಪುಟ್ಟ ನಳಿಕೆ ಇಡುತ್ತಾರೆ. ನೀರು ಹೋಗಿ ಗಾಳಿ ಬರುತ್ತದೆ.

ಸೋರುವ ಕಿವಿಗೆ ಬಿಸಿ ತೆಂಗಿನೆಣ್ಣೆ ಬಿಡಬೇಡಿ. ಕಡ್ಡಿ, ಪಿನ್ನು ಹಾಕಬೇಡಿ. ಕೆರೆ ಸ್ನಾನವೂ ಬೇಡ. ಬಾಟಲಿ ಹಾಲನ್ನು ಮಲಗಿಸಿ ಕುಡಿಸಬಾರದು. ಬೀಡಿ ಸೇದುವವರು ಮನೆಯ ಹೊರಗೆ ಸೇದಲಿ. ಆ ಹೊಗೆಯೂ ಮಗುವಿನ ಕಿವಿಗೆ ಕೆಟ್ಟದ್ದು.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಅದರ ತಂಡ ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ನೋಡುತ್ತದೆ. ಕಿವಿಯನ್ನೂ ನೋಡುತ್ತಾರೆ, ಮಾತನ್ನೂ ನೋಡುತ್ತಾರೆ. ಯಾವ ದಿನ ಬರುತ್ತಾರೆಂದು ಅಂಗನವಾಡಿ ಟೀಚರನ್ನು ಕೇಳಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಕಿವಿಯ ವೈದ್ಯರೂ ಇದ್ದಾರೆ, ಮಾತು ತಿದ್ದುವವರೂ ಇದ್ದಾರೆ. "ಮಗು ಇನ್ನೂ ಸಣ್ಣದು, ಕೇಳಿದರೆ ಏನು ಹೇಳೀತು?" ಎಂದು ಕಾಯುವುದು ಬೇಡ. ಮಗು ಬಾಯಿ ಬಿಡದೆಯೂ ಮಾಡುವ ಕಿವಿ ಪರೀಕ್ಷೆಗಳಿವೆ.